ಅಮ್ಮನ ರಂಗೋಲಿ ಪುಸ್ತಕದಿಂದ ಹನ್ನೊಂದು ಎನ್‌ಎಫ್‌ಟಿ

ಎನ್‌ಎಫ್‌ಟಿ ಅಂದರೆ ಡಿಜಿಟಲ್ ಚಿತ್ರದಂಥದ್ದರ ಹೆಸರಿನಲ್ಲಿ ಹುಟ್ಟಿಸಿ, ಕೊಂಡು ಮಾರಬಹುದಾದ ಒಂದು ಟೋಕನ್. ಅದರ ಗಾಳಿ ಜೋರಾಗಿ ಬೀಸಿದ್ದು 2021ರಲ್ಲಿ. ಆ ಮಾರ್ಚ್‌ನಲ್ಲಿ ಬೀಪಲ್ ಅನ್ನೋ ಕಲಾವಿದನ ಡಿಜಿಟಲ್ ಚಿತ್ರವೊಂದು ಕ್ರಿಸ್ಟೀಸ್ ಹರಾಜಿನಲ್ಲಿ 6.9 ಕೋಟಿ ಡಾಲರ್‌ಗೆ ಹೋಯಿತು. ನಾನು ಕೈ ಹಾಕಿದ್ದು ಮಾತ್ರ 2022ರ ಧನುರ್ಮಾಸದಲ್ಲಿ, ಗಾಳಿ ಪೂರ್ತಿ ಇಳಿದ ಮೇಲೆ. ದುಡ್ಡಿನ ಆಸೆ ಇರಲಿಲ್ಲವಾದ್ದರಿಂದ ನಿಧಾನವಾಗಿ ಕಲಿಯೋಕೆ ಆಯ್ತು.

ಅಮ್ಮನ ಹತ್ತಿರ ಒಂದು ರಂಗೋಲಿ ಪುಸ್ತಕ ಇದೆ. ರಟ್ಟು ಕಿತ್ತುಹೋಗಿದೆ, ಅಂಚಿಗೆಲ್ಲ ಎಣ್ಣೆ ಕಲೆ. ಪ್ರತಿ ಚಿತ್ರದ ಕೆಳಗೆ ಪೆನ್ಸಿಲ್‌ನಲ್ಲಿ ಲೆಕ್ಕ: ‘15 ಚುಕ್ಕಿ 8ರವರೆಗೆ, ಸಂದು ಚುಕ್ಕಿ’. ಮುಕ್ಕಾಲು ಪಾಲು ಅಕ್ಕಪಕ್ಕದವರಿಂದ, ವಾರಪತ್ರಿಕೆಗಳಿಂದ ಇಳಿಸಿಕೊಂಡದ್ದು. ತಾನೇ ಕಟ್ಟಿದ ರಂಗೋಲಿ ಪಕ್ಕದಲ್ಲಿ ಮಾತ್ರ ‘ಸ್ವಂತ’ ಅಂತ ಬರೆದಿದ್ದಾರೆ. ಅಂಥವು ಹನ್ನೊಂದು. ಅಷ್ಟನ್ನೇ ತೆಗೆದುಕೊಂಡೆ. ಪಕ್ಕದ ಮನೆಯವರ ಎಳೆಯನ್ನು ನಾನು ಮಿಂಟ್ ಮಾಡೋದು, ಅಂದರೆ ಎನ್‌ಎಫ್‌ಟಿಯಾಗಿ ಅಚ್ಚು ಹಾಕೋದು, ಕಳ್ಳತನ ಅಲ್ವಾ?

ಅಮ್ಮ ಕೇಳಿದ ಮೊದಲ ಪ್ರಶ್ನೆ: “ಯಾರಾದ್ರೂ ಕೊಂಡ್ಕೊಂಡ್ರೆ ನಾಳೆಯಿಂದ ನಾನು ಇದನ್ನ ಬಾಗಿಲಿಗೆ ಹಾಕೋ ಹಾಗಿಲ್ವಾ?” ಧಾರಾಳವಾಗಿ ಹಾಕಬಹುದು. ಮಾರೋದು ಚಿತ್ರವನ್ನಲ್ಲ, ಒಂದು ದಾಖಲೆಯನ್ನು. ಇಂಥ ಕಾಂಟ್ರಾಕ್ಟ್‌ನ (ಟೋಕನ್‌ಗಳ ಲೆಕ್ಕ ಇಡುವ ಪ್ರೋಗ್ರಾಂ) ಇಂಥ ನಂಬರಿನ ಟೋಕನ್ ಇಂಥ ವಾಲೆಟ್‌ಗೆ (ಡಿಜಿಟಲ್ ಖಾತೆ) ಸೇರಿದ್ದು ಅಂತ ಬ್ಲಾಕ್‌ಚೈನ್ ಅನ್ನೋ ಎಲ್ಲರಿಗೂ ಕಾಣುವ ಲೆಕ್ಕದ ಪುಸ್ತಕದಲ್ಲಿ ಬರೆದಿರುತ್ತದೆ, ಅಷ್ಟೇ. ಪಹಣಿಯಲ್ಲಿ ಹೆಸರು ಬಂದ ಹಾಗೆ, ಹೊಲ ಮಾತ್ರ ಜೊತೆಗೆ ಬರೋದಿಲ್ಲ. ಬೇರೆಯಾಗಿ ಬರೆದುಕೊಡದಿದ್ದರೆ ಕಾಪಿರೈಟ್ ಅಮ್ಮನದೇ.

ಇಂಕ್‌ಸ್ಕೇಪ್‌ನಲ್ಲಿ ಬಿಡಿಸಲು ಕೂತೆ. 15ರಿಂದ 8ಕ್ಕೆ ಇಳಿಯುವ ಸಂದು ಚುಕ್ಕಿ ಅಂದರೆ ನಡುವಿನ ಸಾಲಿಗೆ 15, ಎರಡೂ ಕಡೆ 14, 13 ಅಂತ 8ರವರೆಗೆ. ಒಟ್ಟು 169 ಚುಕ್ಕಿ. ಎಳೆ ಎಲ್ಲೂ ತುಂಡಾಗದೆ ಸುತ್ತಿ ಹೊರಟಲ್ಲಿಗೇ ಬಂದು ಸೇರಬೇಕು. ಕೈಯಲ್ಲಿ ಅಮ್ಮ ಕಾಲು ಗಂಟೆಯಲ್ಲಿ ಮುಗಿಸೋದು ನನಗೆ ಮೌಸ್‌ನಲ್ಲಿ ಎರಡು ಸಂಜೆ ಹಿಡಿಯಿತು. ಮೊದಲನೆಯದರ ಚುಕ್ಕಿ ಎಣಿಸಿ ನೋಡಿದೆ. ಉಳಿದವನ್ನು ಎಣಿಸಲಿಲ್ಲ.

ವಾಲೆಟ್‌ಗೆ ಮೆಟಾಮಾಸ್ಕ್ ಹಾಕಿಕೊಂಡೆ. ವಾಲೆಟ್‌ನ ಕೀಲಿಯಾಗಿ ಅದು ಕೊಡುವ 12 ಪದಗಳನ್ನು ಫೋನಿನಲ್ಲಿ ಫೋಟೋ ತೆಗೆದಿಡಬೇಡಿ. ಹಾಳೆಯಲ್ಲಿ ಬರೆದು ಬೀರುವಿನಲ್ಲಿಡಿ. ಯಾವ ಬ್ಲಾಕ್‌ಚೈನ್ ಅನ್ನೋ ವಿಷಯದಲ್ಲಿ ಜಾಸ್ತಿ ಯೋಚನೆ ಬೇಕಾಗಲಿಲ್ಲ. ಇಥೀರಿಯಂ ಮುಖ್ಯ ಚೈನಿನಲ್ಲಾದರೆ ಆಗ ಒಂದೊಂದು ಮಿಂಟ್‌ಗೂ ನೂರಾರು ರೂಪಾಯಿ ಗ್ಯಾಸ್, ಅಂದರೆ ಚೈನಿನಲ್ಲಿ ಬರೆಯೋಕೆ ಕಟ್ಟುವ ಶುಲ್ಕ, ಬೀಳುತ್ತಿತ್ತು. ಪಾಲಿಗಾನ್‌ನಲ್ಲಿ ನನಗೆ ಬಿದ್ದದ್ದು ಒಂದು ರೂಪಾಯಿಯೊಳಗೆ. ನಮ್ಮ ದೇಶದವರು ಮ್ಯಾಟಿಕ್ ಅಂತ ಶುರು ಮಾಡಿದ ಚೈನ್ ಅದು. ಆಗ ಗ್ಯಾಸ್ ಕಟ್ಟಬೇಕಾಗಿದ್ದೂ ಮ್ಯಾಟಿಕ್ ನಾಣ್ಯದಲ್ಲೇ. ಎಕ್ಸ್‌ಚೇಂಜ್‌ನಲ್ಲಿ ಸ್ವಲ್ಪ ಕೊಂಡೆ. ವಾಲೆಟ್‌ಗೆ ಕಳಿಸುವಾಗ ನೆಟ್‌ವರ್ಕ್ ಯಾವುದು ಅಂತ ಎರಡು ಸಲ ನೋಡಿ, ಮೊದಲು ಚಿಲ್ಲರೆ ಮೊತ್ತ ಕಳಿಸಿ, ಬಂತಾ ಅಂತ ಖಾತ್ರಿ ಮಾಡಿಕೊಂಡೆ.

ಮಿಂಟ್ ಮಾಡೋದು ಹತ್ತು ನಿಮಿಷದ ಕೆಲಸ. ಎನ್‌ಎಫ್‌ಟಿ ಮಾರುವ ವೇದಿಕೆಗೆ ವಾಲೆಟ್ ಜೋಡಿಸಬೇಕು, ಚಿತ್ರದ ಪಿಎನ್‌ಜಿ ಫೈಲ್ ಏರಿಸಬೇಕು, ಹೆಸರು, ವಿವರ, ರಾಯಲ್ಟಿ ತುಂಬಬೇಕು, ಸಹಿ ಒತ್ತಬೇಕು. ಕೆಲವು ಕಡೆ ‘ಲೇಜಿ ಮಿಂಟ್’ ಅಂತ ಇರುತ್ತದೆ. ಅಲ್ಲಿ ಯಾರಾದರೂ ಕೊಳ್ಳುವ ತನಕ ಟೋಕನ್ ಚೈನ್‌ಗೆ ಹೋಗೋದೇ ಇಲ್ಲ. ನನಗೆ ನಿಜವಾಗಿ ಬರೆಯಬೇಕಿತ್ತು, ಅದಕ್ಕೆ ಗ್ಯಾಸ್ ಕೊಟ್ಟೇ ಮಾಡಿದೆ. ಅಲ್ಲೇ ಎಡವಿದ್ದು.

ಈ ರಂಗೋಲಿಗಳ ಬಗ್ಗೆ ಅಮ್ಮ ಹೇಳಿದ್ದನ್ನು ವರ್ಷಗಳ ಹಿಂದೆ ಟೈಪ್ ಮಾಡಿಟ್ಟಿದ್ದೆ, ಆ ಕಾಲದ ಯೂನಿಕೋಡ್ ಅಲ್ಲದ ಫಾಂಟ್‌ನಲ್ಲಿ, ಅಂದರೆ ಆ ಫಾಂಟ್ ಇಲ್ಲದ ಕಡೆ ಕನ್ನಡವಾಗಿ ಕಾಣದ ಅಕ್ಷರದಲ್ಲಿ. ವಿವರದ ಪೆಟ್ಟಿಗೆಯಲ್ಲಿ ಮೊದಲ ಸಾಲನ್ನು ಹೊಸದಾಗಿ ಬರೆದು, ಕೆಳಗೆ ಆ ಹಳೇ ಫೈಲಿನಿಂದ ತಂದು ಅಂಟಿಸಿದೆ. ಪೆಟ್ಟಿಗೆ ಚಿಕ್ಕದು. ಕಂಡ ಸಾಲು ಚೆಂದ ಕನ್ನಡದಲ್ಲಿತ್ತು, ಗುಂಡಿ ಒತ್ತಿದೆ. ಆಮೇಲೆ ಪುಟ ತೆರೆದರೆ ಎರಡನೇ ಸಾಲಿನಿಂದ ಬರೀ ಇಂಗ್ಲಿಷ್ ಅಕ್ಷರ, ತಲೆ ಮೇಲೆ ಗೆರೆ, ಬೊಟ್ಟು, ಟೋಪಿ. ಡಿಟಿಪಿ ಅಂಗಡಿ ಕಂಡವರಿಗೆ ಆ ವೇಷ ಗೊತ್ತಿರುತ್ತದೆ.

ತಿದ್ದೋಣ ಅಂದರೆ ಆಗಲ್ಲ. ಚಿತ್ರವೂ ಹೆಸರು, ವಿವರ ಇರುವ ಫೈಲೂ ಐಪಿಎಫ್‌ಎಸ್ ಅನ್ನೋ, ಹಲವು ಕಂಪ್ಯೂಟರ್‌ಗಳು ಹಂಚಿಕೊಂಡ ಫೈಲ್ ಜಾಲಕ್ಕೆ ಹೋಗಿರುತ್ತವೆ. ಅಲ್ಲಿ ಫೈಲಿನ ವಿಳಾಸ ಹುಟ್ಟೋದೇ ಅದರೊಳಗೆ ಏನಿದೆ ಅನ್ನೋದರಿಂದ. ಒಂದು ಕೊಂಬು ತಿದ್ದಿದರೂ ವಿಳಾಸ ಬೇರೆ ಆಗುತ್ತದೆ. ನನ್ನ ಟೋಕನ್ ಹಳೇ ವಿಳಾಸವನ್ನೇ ಹಿಡಿದು ಕೂತಿರುತ್ತದೆ. ಉಳಿದ ದಾರಿ ಒಂದೇ, ಟೋಕನ್ ಸುಡೋದು. ಬರ್ನ್ ಒತ್ತಿದೆ. ಅದು ಯಾರ ಕೈಗೂ ಸಿಗದ, ಬರೀ ಸೊನ್ನೆಗಳ ವಿಳಾಸಕ್ಕೆ ಹೋಯಿತು. ಹುಟ್ಟಿದ್ದೂ ಸುಟ್ಟಿದ್ದೂ ಎರಡೂ ಚೈನಿನಲ್ಲಿ ಈಗಲೂ ಕಾಣುತ್ತವೆ. ಹಾಗಾಗಿ ನನ್ನ ಸಂಗ್ರಹದಲ್ಲಿ ಒಂದನೇ ನಂಬರ್ ಇಲ್ಲ. 2ರಿಂದ 12.

ಅದಾದ ಮೇಲೆ ಹನ್ನೊಂದರ ವಿವರವನ್ನೂ ಯೂನಿಕೋಡ್‌ನಲ್ಲಿ ಹೊಸದಾಗಿ ಟೈಪ್ ಮಾಡಿ, ಬೇರೆ ಫೋನಿನಲ್ಲಿ ತೆರೆದು, ಜೋರಾಗಿ ಓದಿ, ಆಮೇಲೆ ಒತ್ತಿದೆ. ಇದಕ್ಕೇ ಒಂದು ವಾರ ಹೋಯಿತು.

ಮೂರು ಮಾರಿದವು, ಎರಡು ಪರಿಚಯದವರಿಗೆ, ಒಂದು ಯಾರೋ ಗೊತ್ತಿಲ್ಲದ ವಾಲೆಟ್‌ಗೆ. ಬಂದ ದುಡ್ಡಲ್ಲಿ ಒಂದು ಡಬ್ಬಿ ರಂಗೋಲಿ ಪುಡಿ, ಒಂದು ಒಳ್ಳೆ ಊಟ. ನಮ್ಮಲ್ಲಿ 2022ರ ಏಪ್ರಿಲ್ 1ರಿಂದ ಇಂಥ ಲಾಭಕ್ಕೆ ಶೇ 30 ತೆರಿಗೆ. ಕೊಂಡ ಬೆಲೆ ಬಿಟ್ಟು ಬೇರೆ ಖರ್ಚು ಕಳೆಯೋ ಹಾಗಿಲ್ಲ. ‘ಅಮ್ಮನ ರಂಗೋಲಿಗೆ ಕೊಂಡ ಬೆಲೆ ಎಷ್ಟು ಬರೀಲಿ?’ ಅಂತ ಲೆಕ್ಕಪರಿಶೋಧಕರನ್ನು ಕೇಳಿದೆ. ನಕ್ಕರು. ರಾಯಲ್ಟಿ ಶೇ 5 ಅಂತ ಇಟ್ಟಿದ್ದೇನೆ. ಮರುಮಾರಾಟದಲ್ಲಿ ಅದನ್ನು ಕೊಡಿಸಲೇಬೇಕು ಅಂತ ವೇದಿಕೆಗಳಿಗೇನೂ ಕಡ್ಡಾಯ ಇಲ್ಲ, ಹಾಗಾಗಿ ಅದನ್ನು ನೆಚ್ಚಿಕೊಂಡಿಲ್ಲ. ‘ಹತ್ತು ಪಟ್ಟು ಕೊಡ್ತೀನಿ, ಈ ಸೈಟಿನಲ್ಲಿ ಮಿಂಟ್ ಮಾಡಿ’ ಅಂತ ಬಂದ ಮೆಸೇಜ್‌ಗಳಿಗೆ ಲೆಕ್ಕವಿಲ್ಲ. ಒಂದಕ್ಕೂ ಉತ್ತರ ಕೊಡಲಿಲ್ಲ.

ಸಂಕ್ರಾಂತಿ ದಿನ ಅಮ್ಮನ ಕೈಗೆ ಫೋನ್ ಕೊಟ್ಟು ಎಲ್ಲವನ್ನೂ ತೋರಿಸಿದೆ. ಕನ್ನಡಕ ಹಾಕಿಕೊಂಡು, ಬೆರಳಲ್ಲಿ ಹಿಗ್ಗಿಸಿ, ಒಂದೊಂದನ್ನೂ ನೋಡಿದರು. ಏಳನೇ ನಂಬರಿಗೆ ಬಂದು ನಿಂತರು.

“ಇಲ್ಲಿ ಎಡಗಡೆ ಒಂದು ಚುಕ್ಕಿ ಬಿಟ್ಟಿದೀಯ ನೋಡು.”

ಎಣಿಸಿದೆ. 168. ಆ ಗೊತ್ತಿಲ್ಲದ ವಾಲೆಟ್‌ಗೆ ಹೋಗಿದ್ದು ಅದೇ.