ಯಾರ ಕಡೆಯ ಹುಡುಗ?

ಮುಂಬೈಯ ಉಡುಪಿ ಹೋಟೆಲುಗಳಲ್ಲಿ ಕೆಲಸ ಕೇಳಿ ಬಂದವನಿಗೆ ಮೊದಲು ಹಾಕುವ ಪ್ರಶ್ನೆ, ಯಾರ ಕಡೆಯ ಹುಡುಗ ಎಂಬುದು. ಚೆಂಬೂರಿನ ನಮ್ಮ ಹೋಟೆಲಿಗೂ ಹಿಂದೆ ಕುಂದಾಪುರ, ಕಾರ್ಕಳದ ಪರಿಚಿತರೊಬ್ಬರ ಮಾತಿನ ಮೇಲೆಯೇ ಹುಡುಗರು ಬರುತ್ತಿದ್ದರು. ಊರಿನವರು ಬರುವುದು ನಿಂತ ಮೇಲೆ, ಜೈಲಿನಿಂದ ಹೊರಬಂದವರಿಗೆ ನೆರವಾಗುವ ಒಂದು ಚಿಕ್ಕ ಸಂಸ್ಥೆಯ ಮೂಲಕ ನಾನು ಕೆಲಸಗಾರರನ್ನು ಪಡೆಯಲಾರಂಭಿಸಿದೆ. ಈ ನಗರದಲ್ಲಿ ಅಂಥ ಕೆಲಸ ಹೊಸದಲ್ಲ. ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ‘ಪ್ರಯಾಸ್’ 1990ರಿಂದಲೂ ಅದನ್ನು ನಡೆಸಿಕೊಂಡು ಬಂದಿದೆ.

ಬಂದವರಲ್ಲಿ ಹೆಚ್ಚಿನವರು ಶಿಕ್ಷೆಯಾದವರಲ್ಲ, ಜಾಮೀನಿನ ಮೇಲಿರುವವರು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ 2022ರ ವರದಿಯ ಪ್ರಕಾರ ದೇಶದ ಕೈದಿಗಳಲ್ಲಿ ಸುಮಾರು ಮುಕ್ಕಾಲು ಪಾಲು ವಿಚಾರಣಾಧೀನರೇ. ಇಂಥವರು ಕೋರ್ಟಿನ ತಾರೀಖು ತಪ್ಪಿಸಿದರೆ ವಾರಂಟ್ ಹೊರಡಬಹುದು, ಹೋದರೆ ಅಂದಿನ ಸಂಬಳ ಹೋಗುತ್ತದೆ. ಆದ್ದರಿಂದ ತಾರೀಖಿನ ದಿನ ಸಂಬಳ ಕಡಿಯುವುದಿಲ್ಲವೆಂದು ನಾನು ಒಪ್ಪಿಕೊಂಡೆ. ತಿಂಗಳ ಆರಂಭದಲ್ಲೇ ತಾರೀಖುಗಳ ಪಟ್ಟಿ ಕಳುಹಿಸುವ ಹೊಣೆಯನ್ನು ಸಂಸ್ಥೆ ಹೊತ್ತುಕೊಂಡಿತು.

ಕಳೆದುಹೋದ ಆಧಾರ್ ಮರಳಿ ಪಡೆಯುವುದು, ಬ್ಯಾಂಕ್ ಖಾತೆ ತೆರೆಸುವುದು ಸಂಸ್ಥೆಯ ಪಾಲಿಗೆ. ಅಡುಗೆಮನೆಯ ಎಲ್ಲರಿಗೂ ವರ್ಷಕ್ಕೊಮ್ಮೆ ಕಡ್ಡಾಯವಾದ ವೈದ್ಯಕೀಯ ತಪಾಸಣೆ ನಮ್ಮ ಪಾಲಿಗೆ. ಆದರೆ ಅವರನ್ನು ಹಿಡಿದು ನಿಲ್ಲಿಸಿದ್ದು ಮಾಳಿಗೆಯ ಹಾಸಿಗೆ ಮತ್ತು ಹೊತ್ತುಹೊತ್ತಿಗೆ ಸಿಗುವ ಊಟವೆಂದೇ ನನ್ನ ಎಣಿಕೆ, ಏಕೆಂದರೆ ಬಿಡುಗಡೆಯಾದವನಿಗೆ ಬಾಡಿಗೆಗೆ ಕೋಣೆ ಕೊಡುವವರು ಈ ಊರಿನಲ್ಲಿ ವಿರಳ.

ಪ್ರಕರಣ ಏನೆಂಬುದು ನನಗೆ ಮತ್ತು ಮ್ಯಾನೇಜರರಿಗೆ ಮಾತ್ರ ತಿಳಿದಿರುತ್ತದೆ. ಕಳ್ಳತನದ ಆರೋಪವಿದ್ದವರನ್ನು ಗಲ್ಲಾದ ಬಳಿ ಬಿಡುವುದಿಲ್ಲ. ಹೊಸಬರು ಯಾರೇ ಆಗಲಿ, ಮೋರಿಯಲ್ಲಿ ಪಾತ್ರೆ ತೊಳೆಯುವುದರಿಂದಲೇ ಆರಂಭಿಸುವುದರಿಂದ ಇದು ಪ್ರತ್ಯೇಕ ನಿಯಮವೆಂದು ಯಾರಿಗೂ ಅನ್ನಿಸಲಿಲ್ಲ. ಮುಂಗಡ ಪಡೆದು ಕಾಣೆಯಾದವರೂ ಇದ್ದಾರೆ, ಊರಿನ ಹುಡುಗರಲ್ಲಿ ಇದ್ದಂತೆಯೇ.

ನೌಕರಿ ಕೊಡಿಸಿದೊಡನೆ ಸಂಸ್ಥೆ ಕೈತೊಳೆದುಕೊಂಡಿದ್ದರೆ ಈ ವ್ಯವಸ್ಥೆ ನಿಲ್ಲುತ್ತಿರಲಿಲ್ಲ. ಮಧ್ಯಾಹ್ನದ ಊಟ ಮುಗಿದು ಸಂಜೆಯ ಚಹಾದ ಗದ್ದಲ ಶುರುವಾಗುವ ಮೊದಲು ಅವರ ಕಾರ್ಯಕರ್ತೆ ವಾರಕ್ಕೊಮ್ಮೆ ಬಂದು, ಈರುಳ್ಳಿ ಮೂಟೆಗಳ ಪಕ್ಕ ಸ್ಟೂಲು ಹಾಕಿಕೊಂಡು ಒಬ್ಬೊಬ್ಬರನ್ನೇ ಮಾತನಾಡಿಸುತ್ತಾರೆ. ಪಕ್ಕದ ಅಂಗಡಿಯಲ್ಲಿ ಮೊಬೈಲ್ ಕಳೆದು ಹವಾಲ್ದಾರರು ನೇರವಾಗಿ ನಮ್ಮ ಹುಡುಗನೊಬ್ಬನನ್ನೇ ವಿಚಾರಿಸಲು ಬಂದಾಗ, “ಸೇಠ್, ನೀವು ಗಲ್ಲಾ ನೋಡಿಕೊಳ್ಳಿ, ಠಾಣೆಗೆ ನಾನು ಹೋಗುತ್ತೇನೆ” ಎಂದು ಆತನ ಜೊತೆ ಹೊರಟವರೂ ಅವರೇ. ರಾತ್ರಿಯ ಊಟದ ಹೊತ್ತಿಗೆ ಅವನು ಮರಳಿ ಕೆಲಸಕ್ಕೆ ನಿಂತಿದ್ದ.

ಬೈಕುಲ್ಲಾ ಜೈಲಿನಿಂದ ಬಿಡುಗಡೆಯಾದ ಮಹಿಳೆಯರಿಗೂ ಕೆಲಸ ಕೊಡಬಹುದೇ ಎಂದು ಅವರು ಈಗ ಕೇಳುತ್ತಿದ್ದಾರೆ. ಮಾಳಿಗೆಯಲ್ಲಿ ಗಂಡಸರೇ ಇರುವುದರಿಂದ, ಬೇರೆ ವಸತಿ ಗೊತ್ತಾಗುವವರೆಗೆ ನಾನು ಒಪ್ಪಿಲ್ಲ.