ಐಬಿ ಡಿಪ್ಲೊಮಾಗೆ ಮಗುವನ್ನು ಸೇರಿಸುವ ಮುನ್ನ ಪೋಷಕರು ಕೇಳಬೇಕಾದ ಪ್ರಶ್ನೆಗಳು

ಬೆಂಗಳೂರಿನ ಯಲಹಂಕ, ವೈಟ್‌ಫೀಲ್ಡ್, ಸರ್ಜಾಪುರ ರಸ್ತೆಯ ಕಡೆಗಿರುವ ಅಂತರರಾಷ್ಟ್ರೀಯ ಶಾಲೆಗಳನ್ನು ನೋಡಲು ಹೋದ ತಂದೆತಾಯಿಯರು ಸಾಮಾನ್ಯವಾಗಿ ಮೊದಲು ನೋಡುವುದು ಈಜುಕೊಳ, ರಂಗಮಂದಿರ, ಪ್ರಯೋಗಾಲಯಗಳನ್ನು. ಅವೆಲ್ಲ ಬೇಕಾದವೇ. ಆದರೆ ಹನ್ನೊಂದು ಮತ್ತು ಹನ್ನೆರಡನೆಯ ತರಗತಿಯನ್ನು ಐಬಿ (ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್ ಎಂಬ ಅಂತರರಾಷ್ಟ್ರೀಯ ಪಠ್ಯಕ್ರಮ) ಡಿಪ್ಲೊಮಾದಲ್ಲಿ ಓದಲಿರುವ ಮಗುವಿನ ನೆಮ್ಮದಿ ಬಹುಮಟ್ಟಿಗೆ ಎರಡು ಸಂಗತಿಗಳ ಮೇಲೆ ನಿಂತಿರುತ್ತದೆ: ಯಾವ ವಿಷಯಗಳನ್ನು ಆರಿಸಿಕೊಂಡಿದೆ, ಮತ್ತು ಬರೆದು ಒಪ್ಪಿಸಬೇಕಾದ ಕೆಲಸಗಳ ಗಡುವನ್ನು ಶಾಲೆ ಹೇಗೆ ಹಂಚಿದೆ. ಆಪ್ತ ಸಮಾಲೋಚನೆ ಎಷ್ಟೇ ಚೆನ್ನಾಗಿರಲಿ, ತನಗೆ ಒಗ್ಗದ ವಿಷಯಗಳೊಂದಿಗೆ ಎರಡು ವರ್ಷ ಹೆಣಗುವ ವಿದ್ಯಾರ್ಥಿಗೆ ಅದು ಅರ್ಧ ಪರಿಹಾರ ಮಾತ್ರ. ಆದ್ದರಿಂದ ಪಠ್ಯಕ್ರಮದ ಪ್ರಶ್ನೆಗಳನ್ನೂ ಮಗುವಿನ ಕ್ಷೇಮದ ಪ್ರಶ್ನೆಗಳನ್ನೂ ಒಂದೇ ಭೇಟಿಯಲ್ಲಿ ಒಟ್ಟಿಗೆ ಕೇಳಬೇಕು.

ಮೊದಲು ಹೊರೆಯ ಅಳತೆ ತಿಳಿದಿರಲಿ. 1968ರಲ್ಲಿ ಜಿನೀವಾದಲ್ಲಿ ಆರಂಭವಾದ ಈ ವ್ಯವಸ್ಥೆಯಲ್ಲಿ ವಿದ್ಯಾರ್ಥಿ ಆರು ವಿಷಯಗಳನ್ನು ಓದುತ್ತಾನೆ. ಸಾಮಾನ್ಯವಾಗಿ ಅವುಗಳಲ್ಲಿ ಮೂರು ಹೈಯರ್ ಲೆವೆಲ್, ಮೂರು ಸ್ಟ್ಯಾಂಡರ್ಡ್ ಲೆವೆಲ್. ಹೈಯರ್ ಲೆವೆಲ್‌ಗೆ 240 ಗಂಟೆ, ಸ್ಟ್ಯಾಂಡರ್ಡ್‌ಗೆ 150 ಗಂಟೆಗಳ ಬೋಧನೆಯನ್ನು ಐಬಿ ಸೂಚಿಸುತ್ತದೆ. ಪ್ರತಿ ವಿಷಯಕ್ಕೆ ಗರಿಷ್ಠ 7 ಅಂಕ. ಜ್ಞಾನಮೀಮಾಂಸೆಯ (ನಾವು ಯಾವುದನ್ನಾದರೂ ಹೇಗೆ ತಿಳಿಯುತ್ತೇವೆ ಎಂಬುದರ) ಪಾಠ ಮತ್ತು 4,000 ಪದಗಳವರೆಗಿನ ಸಂಶೋಧನಾ ಪ್ರಬಂಧಕ್ಕೆ ಸೇರಿ ಇನ್ನೂ 3 ಅಂಕ; ಒಟ್ಟು 45. ಉಳಿದ ಷರತ್ತುಗಳನ್ನೂ ಪೂರೈಸಿ ಕನಿಷ್ಠ 24 ಅಂಕ ಪಡೆದವರಿಗೆ ಡಿಪ್ಲೊಮಾ ಸಿಗುತ್ತದೆ. ಇದಲ್ಲದೆ ಕಲೆ, ಕ್ರೀಡೆ, ಸೇವೆಗೆ ಸಂಬಂಧಿಸಿದ ಚಟುವಟಿಕೆಗಳೂ ಕಡ್ಡಾಯ.

ನಮ್ಮ ಪಿಯುಸಿಯಲ್ಲಿ ಒತ್ತಡ ವರ್ಷದ ಕೊನೆಯ ಪರೀಕ್ಷೆಯ ಸುತ್ತ ಕೂಡಿಕೊಂಡಿದ್ದರೆ, ಇಲ್ಲಿ ಅದು ಎರಡನೆಯ ವರ್ಷದ ಮೊದಲ ಕೆಲವು ತಿಂಗಳುಗಳಲ್ಲೇ ಏರುತ್ತದೆ. ಪ್ರತಿ ವಿಷಯದ ಆಂತರಿಕ ಮೌಲ್ಯಮಾಪನದ ಕೆಲಸ, ಸಂಶೋಧನಾ ಪ್ರಬಂಧ, ವಿದೇಶಿ ವಿಶ್ವವಿದ್ಯಾಲಯಗಳಿಗೆ ಅರ್ಜಿ, ಆ ಅರ್ಜಿಗೆ ಬೇಕಾದ ಪ್ರಿಡಿಕ್ಟೆಡ್ ಗ್ರೇಡ್‌ಗೆ (ಅಂತಿಮ ಪರೀಕ್ಷೆಯಲ್ಲಿ ಬರಬಹುದೆಂದು ಶಾಲೆ ಅಂದಾಜಿಸುವ ಅಂಕಕ್ಕೆ) ಆಧಾರವಾಗುವ ಶಾಲಾ ಪರೀಕ್ಷೆ, ಇವೆಲ್ಲ ಒಂದರ ಮೇಲೊಂದು ಬಂದು ಬೀಳುತ್ತವೆ. ಆದ್ದರಿಂದ ಡಿಪ್ಲೊಮಾ ಕೋಆರ್ಡಿನೇಟರ್ ಅವರ ಬಳಿ ಕಳೆದ ವರ್ಷದ ಗಡುವುಗಳ ಪಟ್ಟಿಯನ್ನು ಕೇಳಿ ಪಡೆಯಿರಿ. ಅದರಲ್ಲಿ ಒಂದೇ ವಾರಕ್ಕೆ ಮೂರು ವಿಷಯಗಳ ಕರಡು ಬಿದ್ದಿದ್ದರೆ, ಅಧ್ಯಾಪಕರು ಪರಸ್ಪರ ಮಾತಾಡಿಕೊಂಡಿಲ್ಲವೆಂದೇ ಅರ್ಥ. ನನ್ನ ದೃಷ್ಟಿಯಲ್ಲಿ ಶಾಲೆಯ ಕಾಳಜಿಯನ್ನು ಈ ಒಂದು ಹಾಳೆ ಹೇಳುವಷ್ಟು ಸ್ಪಷ್ಟವಾಗಿ ಯಾವ ಪರಿಚಯ ಪುಸ್ತಿಕೆಯೂ ಹೇಳಲಾರದು.

ವಿಷಯಗಳ ಆಯ್ಕೆಯಲ್ಲಿ ಕರ್ನಾಟಕದ ಪೋಷಕರು ವಿಶೇಷವಾಗಿ ಎಚ್ಚರ ವಹಿಸಬೇಕಾದದ್ದು ವೈದ್ಯಕೀಯದ ಆಸೆಯಿರುವ ಮಕ್ಕಳ ವಿಚಾರದಲ್ಲಿ. ನೀಟ್ ಬರೆಯುವವರು ಭೌತಶಾಸ್ತ್ರ, ರಸಾಯನಶಾಸ್ತ್ರ, ಮತ್ತು ಜೀವಶಾಸ್ತ್ರ ಅಥವಾ ಜೈವಿಕ ತಂತ್ರಜ್ಞಾನವನ್ನು ಹನ್ನೆರಡನೆಯ ತರಗತಿಯ ಮಟ್ಟದಲ್ಲಿ ಓದಿರಬೇಕು. ಐಬಿಯ ಸಾಮಾನ್ಯ ಚೌಕಟ್ಟಿನಲ್ಲಿ ಭಾಷೆ, ಸಮಾಜ ವಿಜ್ಞಾನ, ಗಣಿತಗಳಿಗೂ ಸ್ಥಾನ ಕೊಡಲೇಬೇಕಾದ ಕಾರಣ ಎರಡು ವಿಜ್ಞಾನ ವಿಷಯಗಳಿಗಷ್ಟೇ ಜಾಗ ಉಳಿಯುತ್ತದೆ. ಮೂರನೆಯದನ್ನು ಸೇರಿಸಲು ಶಾಲೆ ಐಬಿಯಿಂದ ವಿಶೇಷ ಅನುಮತಿ ಪಡೆಯಬೇಕು, ಇಲ್ಲವೇ ಮಗು ಏಳನೆಯ ವಿಷಯವನ್ನು ಹೊರಬೇಕು. ಸಾಲದ್ದಕ್ಕೆ ನೀಟ್ ಸಾಮಾನ್ಯವಾಗಿ ನಡೆಯುವುದು ಮೇ ತಿಂಗಳ ಆರಂಭದಲ್ಲಿ, ಅಂದರೆ ಐಬಿಯ ಅಂತಿಮ ಪರೀಕ್ಷೆಗಳ ನಡುವೆಯೇ. ಭಾರತದಲ್ಲೇ ವೈದ್ಯಕೀಯ ಓದುವುದು ಖಚಿತವಾಗಿದ್ದರೆ, ಮೂರು ವಿಜ್ಞಾನಗಳನ್ನು ನೇರವಾಗಿ ಓದಲು ಬಿಡುವ ಕೇಂಬ್ರಿಜ್ ಎ ಲೆವೆಲ್ ಅಥವಾ ಪಿಯುಸಿ ಆ ಮಗುವಿಗೆ ಹೆಚ್ಚು ನೆಮ್ಮದಿಯ ದಾರಿ ಎಂದು ನಾನು ಹೇಳುತ್ತೇನೆ. ಬೇರೆ ವಿಷಯಗಳಿಗೆ ಸಂಬಂಧಿಸಿದಂತೆ, ಹೈಯರ್ ಲೆವೆಲ್‌ನಿಂದ ಸ್ಟ್ಯಾಂಡರ್ಡ್‌ಗೆ ಇಳಿಯಲು ಶಾಲೆ ಯಾವ ದಿನಾಂಕದವರೆಗೆ ಬಿಡುತ್ತದೆ ಎಂಬುದನ್ನು ಬರೆದಿಟ್ಟುಕೊಳ್ಳಿ.

ನೆರವಿನ ವಿಚಾರಕ್ಕೆ ಬಂದರೆ, ಕೌನ್ಸೆಲರ್ ಇದ್ದಾರೆಯೇ ಎಂಬ ಪ್ರಶ್ನೆಯೊಂದೇ ಸಾಲದು. ವಿಶ್ವವಿದ್ಯಾಲಯದ ಅರ್ಜಿಗಳನ್ನು ನೋಡಿಕೊಳ್ಳುವವರೇ ಮಕ್ಕಳ ಮನಸ್ಸಿನ ಸಂಕಟವನ್ನೂ ಕೇಳಬೇಕಾಗಿದೆಯೇ, ಅಥವಾ ಅದಕ್ಕೆ ಮನೋವಿಜ್ಞಾನದಲ್ಲಿ ತರಬೇತಿ ಪಡೆದವರು ಬೇರೆ ಇದ್ದಾರೆಯೇ? ಮಗು ತಾನಾಗಿಯೇ ಹೋಗಿ ಭೇಟಿಯಾಗಬಹುದೇ? ಯಾವ ಮಾತು ಗುಟ್ಟಾಗಿ ಉಳಿಯುತ್ತದೆ, ಯಾವುದು ಮನೆಗೆ ತಿಳಿಯುತ್ತದೆ? ಒಂದು ಮಿತಿಯಂತೂ ಕಾನೂನಿನಲ್ಲೇ ಇದೆ: 2012ರ ಪೋಕ್ಸೋ ಕಾಯ್ದೆಯ ಪ್ರಕಾರ, ಹದಿನೆಂಟರೊಳಗಿನ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿರುವುದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಶಾಲೆಯ ಮಕ್ಕಳ ಸುರಕ್ಷತಾ ನೀತಿಯನ್ನು ಲಿಖಿತವಾಗಿ ಕೇಳಿ ಪಡೆಯಿರಿ. ಕೊಡಲು ಹಿಂಜರಿಯುವ ಶಾಲೆಯ ಬಗ್ಗೆ ನೀವೂ ಹಿಂಜರಿಯುವುದು ಒಳ್ಳೆಯದು. ಶಾಲೆಯ ಹೊರಗಿನ ನೆರವಾಗಿ ಮಕ್ಕಳ ಸಹಾಯವಾಣಿ 1098 ಮತ್ತು ಕನ್ನಡದಲ್ಲೂ ಮಾತಾಡಬಹುದಾದ, ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್‌ನ 14416 ಉಚಿತವಾಗಿ ಸಿಗುತ್ತವೆ. ಈ ಎರಡೂ ಸಂಖ್ಯೆ ಮಗುವಿನ ಫೋನಿನಲ್ಲಿರಲಿ.

ಓದುಬರಹದ ಕಲಿಕಾ ತೊಂದರೆ, ಎಡಿಎಚ್‌ಡಿ (ಗಮನ ಕೇಂದ್ರೀಕರಿಸಲು ಕಷ್ಟವಾಗುವ ತೊಂದರೆ) ಮೊದಲಾದವು ಇರುವ ಮಕ್ಕಳಿಗೆ ಪರೀಕ್ಷೆಯಲ್ಲಿ ಶೇ. 25ರಷ್ಟು ಹೆಚ್ಚುವರಿ ಸಮಯದಂಥ ಅನುಕೂಲಗಳಿವೆ. ಆದರೆ ಅದಕ್ಕೆ ತಜ್ಞರ ವರದಿಯೊಂದಿಗೆ ಶಾಲೆಯೇ ಬಹಳ ಮುಂಚಿತವಾಗಿ ಅರ್ಜಿ ಹಾಕಬೇಕು. ವರದಿ ತೋರಿಸಿದರೆ ಪ್ರವೇಶ ಸಿಗದೇನೋ ಎಂಬ ಭಯದಿಂದ ಅದನ್ನು ಮುಚ್ಚಿಡುವ ಪೋಷಕರಿದ್ದಾರೆ. ಅವರ ಆತಂಕ ಅರ್ಥವಾಗುವಂಥದ್ದೇ, ಆದರೆ ನಷ್ಟವಾಗುವುದು ಮಗುವಿಗೆ.

ಕೊನೆಯದಾಗಿ ಮನೆಮಾತಿನ ವಿಷಯ. ಶಾಲೆಯಲ್ಲಿ ಬೋಧಕರಿಲ್ಲದ ಮಾತೃಭಾಷೆಯ ಸಾಹಿತ್ಯವನ್ನು ಶಾಲೆಯ ಬೆಂಬಲದೊಂದಿಗೆ ಸ್ವಂತವಾಗಿ, ಸ್ಟ್ಯಾಂಡರ್ಡ್ ಲೆವೆಲ್‌ನಲ್ಲಿ ಓದುವ ವ್ಯವಸ್ಥೆ ಐಬಿಯಲ್ಲಿದೆ. ಕನ್ನಡವನ್ನು ಹೀಗೆ ಆರಿಸಿಕೊಳ್ಳಲು ಶಾಲೆ ನೆರವಾಗುತ್ತದೆಯೇ ಎಂದು ತಪ್ಪದೆ ಕೇಳಿ. ಎಲ್ಲವೂ ಇಂಗ್ಲಿಷಿನಲ್ಲೇ ನಡೆಯುವ ದಿನದಲ್ಲಿ ಅಜ್ಜಿಯೊಂದಿಗೂ ಚರ್ಚಿಸಬಹುದಾದ ಒಂದು ಪಾಠವಿರುವುದು ಮಗುವಿಗೆ ದೊಡ್ಡ ಆಸರೆ. ಓದಬೇಕಾದ ಕೃತಿಗಳನ್ನು ಗೊತ್ತುಮಾಡಿ ಮಾರ್ಗದರ್ಶಕರನ್ನು ಹುಡುಕಲು ಸಮಯ ಹಿಡಿಯುವುದರಿಂದ, ಈ ಕೋರಿಕೆಯನ್ನು ಹನ್ನೊಂದನೆಯ ತರಗತಿ ಶುರುವಾಗುವ ಮೊದಲೇ ಸಲ್ಲಿಸಿ.