ಲೇಬರ್ ಸಮ್ಮೇಳನಕ್ಕೆ ಮೊದಲ ಸಲ ಹೊರಟವರಿಗೆ

ಈ ಗುಂಪಿನಲ್ಲಿ ಯಾರಾದರೂ ಬ್ರಿಟನ್ನಿನ ಲೇಬರ್ ಪಕ್ಷದ ಸಮ್ಮೇಳನಕ್ಕೆ ಸದಸ್ಯರಾಗಿ ಮೊದಲ ಸಲ ಹೋಗುವವರಿದ್ದರೆ, ಪಾಸ್‌ಗೆ ಬೇಗ ಅರ್ಜಿ ಹಾಕಿಬಿಡಿ. ಭದ್ರತಾ ಪರಿಶೀಲನೆ ಮುಗಿದ ಮೇಲೆಯೇ ಅದು ಸಿಗುವುದು. ಲಿವರ್‌ಪೂಲ್‌ನಲ್ಲಿ ಆ ವಾರ ಹೋಟೆಲ್ ದುಬಾರಿ; ರೈಲಿನಲ್ಲಿ ಓಡಾಡಲು ಬೇಸರವಿಲ್ಲದಿದ್ದರೆ ನದಿಯಾಚೆ ಬರ್ಕನ್‌ಹೆಡ್‌ನಲ್ಲೂ ರೂಮ್ ನೋಡಿ.

ಸಭಾಂಗಣದಲ್ಲಿ ಮತ ಹಾಕುವವರು ಸ್ಥಳೀಯ ಘಟಕ, ಕಾರ್ಮಿಕ ಸಂಘ ಮುಂತಾದವು ಕಳಿಸಿದ ಪ್ರತಿನಿಧಿಗಳು. ಬರೀ ಸದಸ್ಯರಾಗಿ ಹೋದರೆ ನಾವು ಪ್ರೇಕ್ಷಕರು. ಹಾಗಂತ ಅಲ್ಲೇ ಕೂತು ಆಕಳಿಸಬೇಡಿ, ಫ್ರಿಂಜ್ ಸಭೆಗಳಿಗೆ, ಅಂದರೆ ಮುಖ್ಯ ಸಮ್ಮೇಳನದ ಜೊತೆಜೊತೆಗೇ ನಡೆಯುವ ಬಿಡಿ ಸಭೆಗಳಿಗೆ, ಹೋಗಿ. ಸಣ್ಣ ಕೋಣೆ, ಎದುರಿಗೇ ಸಂಸದರು. ವೀಸಾ, ಬಾಡಿಗೆ, ಆಸ್ಪತ್ರೆ ಯಾವುದನ್ನಾದರೂ ನೇರವಾಗಿ ಕೇಳಬಹುದು. ಕೆಲವು ಸಭೆಗಳು ಭದ್ರತಾ ವಲಯದ ಹೊರಗೇ ನಡೆಯುತ್ತವೆ, ಅವಕ್ಕೆ ಪಾಸೂ ಬೇಡ. ಹಲವು ಕಡೆ ಊಟವೂ ಬಿಟ್ಟಿ (ಸ್ಯಾಂಡ್‌ವಿಚ್ ಸ್ವಾಮಿ, ಬಿಸಿಬೇಳೆಬಾತ್ ಅಲ್ಲ). ನಾಯಕರ ಭಾಷಣಕ್ಕೆ ಮಾತ್ರ ಬಹಳ ಮುಂಚೆ ಸಾಲು ಹಿಡಿಯಿರಿ.